ಮಳೆಗೆ ಓದುವ ವಿರಾಟಪರ್ವ

ಮಳೆ ಕೈಕೊಟ್ಟ ವರ್ಷ ಊರಲ್ಲಿ ವಿರಾಟಪರ್ವ ಓದಿಸುವುದು ಹಳೇ ಮೈಸೂರು ಸೀಮೆಯಲ್ಲಿ ತಲೆಮಾರುಗಳಿಂದ ಬಂದ ರೂಢಿ. ಕಾವೇರಿ ನಾಲೆಯ ನೀರು ಕಂಡ ಅರಕೆರೆ ಕಡೆ ಅದರ ತುರ್ತು ಕಡಿಮೆಯಾಗಿರಬಹುದು. ಮುಗಿಲನ್ನೇ ನೆಚ್ಚಿದ ನಾಗಮಂಗಲದ, ಕೃಷ್ಣರಾಜಪೇಟೆಯ ರಾಗಿ ಹೊಲಗಳ ನಡುವೆ ಮಾತು ಬೇರೆ. ಇನ್ನು ಶ್ರಾವಣದ ಶನಿವಾರ ಬಂತೆಂದರೆ ಹರಕೆ ಹೊತ್ತವರು ರಾತ್ರಿಯಿಡೀ ಶನಿಮಹಾತ್ಮೆ ಓದಿಸುತ್ತಾರೆ. ಒಬ್ಬರು ರಾಗವಾಗಿ ಪದ್ಯ ಓದುವುದು, ಪಕ್ಕದಲ್ಲಿ ಕೂತವರು ಅರ್ಥ ಹೇಳುವುದು, ಊರು ಕೇಳುವುದು: ವಾಚನ, ವ್ಯಾಖ್ಯಾನ, ಶ್ರವಣ ಮೂರೂ ಕೂಡಿದ ಪರಂಪರೆ ಇದು. ಅಕ್ಷರ ಬಾರದ ರೈತರ ನಾಲಿಗೆಯ ಮೇಲೆ ಕುಮಾರವ್ಯಾಸ ಕುಣಿದಿದ್ದು ಇದರಿಂದಲೇ. ಇದರ ಬಗ್ಗೆ ನನಗಿರುವ ಗೌರವ ದೊಡ್ಡದು. ಹಾಗಾಗಿಯೇ ಒಂದು ತಕರಾರನ್ನೂ ಹೇಳಬೇಕು. ವಾಚನ ಉಳಿದಿದೆ, ಬೆಳೆದೂ ಇದೆ, ವ್ಯಾಖ್ಯಾನ ಸೊರಗಿದೆ.

ಮಳೆಗೂ ವಿರಾಟಪರ್ವಕ್ಕೂ ಏನು ನಂಟು? ಓದಿದರೆ ಮಳೆ ಬರುತ್ತದೆ ಎಂಬಷ್ಟಕ್ಕೆ ಹಲವರು ನಿಲ್ಲಿಸುತ್ತಾರೆ. ಮೂಲಭಾರತದಲ್ಲಿ ಅದಕ್ಕೊಂದು ಜಾಗವಿದೆ. ಅಜ್ಞಾತವಾಸದಲ್ಲಿರುವ ಪಾಂಡವರನ್ನು ಹುಡುಕಿ ಸೋತ ಗೂಢಚಾರರು ಹಸ್ತಿನಾವತಿಗೆ ಬರಿಗೈಲಿ ಮರಳುತ್ತಾರೆ. ಆಗ ಭೀಷ್ಮ, ಧರ್ಮರಾಯನಿರುವ ನಾಡಿನ ಗುರುತುಗಳನ್ನು ಹೇಳುತ್ತಾನೆ. ಅಲ್ಲಿ ಜನ ದಾನಶೀಲರಾಗಿರುತ್ತಾರೆ, ನಿಜ ನುಡಿಯುತ್ತಾರೆ, ಹೊಟ್ಟೆಕಿಚ್ಚು ಪಡುವುದಿಲ್ಲ. ಅಲ್ಲಿ ಮಳೆ ಕಾಲಕ್ಕೆ ಸರಿಯಾಗಿ ಸುರಿಯುತ್ತದೆ. ಅಂದರೆ ಮಳೆ ಆ ನಾಡಿನ ನಡತೆಗೆ ಸಾಕ್ಷಿ. ಓದಿಸುವವರು ಮೊದಲು ಕೇಳಿಕೊಳ್ಳಬೇಕಾದ್ದು, ನಮ್ಮೂರು ಅಂಥ ಊರೇ ಎಂದು. ಈ ಪ್ರಶ್ನೆ ಬಿಟ್ಟುಹೋದ ಮೇಲೆ ಉಳಿಯುವುದು ಬರಿಯ ಹರಕೆ.

ಇದೇ ಗಂಟನ್ನು ಯಹೂದಿಗಳೂ ಬಿಡಿಸುತ್ತ ಬಂದಿದ್ದಾರೆ. ಅವರ ತೋರಾ ಎಂದರೆ ಮೋಶೆಯ ಐದು ಪುಸ್ತಕ. ಅದನ್ನು 54 ಭಾಗ ಮಾಡಿ, ವಾರವಾರವೂ ಸಬ್ಬತ್ತಿನ ದಿನ ಸಭೆಯಲ್ಲಿ ಓದಿ, ವರ್ಷಕ್ಕೊಮ್ಮೆ ಮುಗಿಸುತ್ತಾರೆ. ಮುಗಿಸಿದ ಹಬ್ಬದಂದೇ ಮತ್ತೆ ಮೊದಲಿನಿಂದ ಶುರು. ಎಜ್ರ ಎಂಬ ಶಾಸ್ತ್ರಿ ಜೆರುಸಲೇಮಿನ ನೀರುಬಾಗಿಲ ಮುಂದೆ ಹೆಂಗಸರು ಗಂಡಸರೆನ್ನದೆ ಎಲ್ಲರಿಗೂ ಓದಿ ಹೇಳಿದಾಗ ಲೇವಿಯರು ಅರ್ಥ ಬಿಡಿಸುತ್ತಿದ್ದರೆಂದು ಅವರ ಗ್ರಂಥವೇ ಹೇಳುತ್ತದೆ. ಮುಂದೆ ಜನರ ಮಾತು ಅರಾಮಾಯಿಕ್ ಆದಾಗ ಓದುವವನ ಪಕ್ಕ ನಿಂತು ವಾಕ್ಯವಾಕ್ಯಕ್ಕೂ ತಿಳಿಸಿಹೇಳುವವನೊಬ್ಬ ಇರುತ್ತಿದ್ದ. ನಮ್ಮ ಗಮಕಿ ಮತ್ತು ಅರ್ಥಧಾರಿಯ ಜೋಡಿಗೆ ಇಷ್ಟು ಹತ್ತಿರದ ನೆಂಟರು ಬೇರೆಡೆ ನನಗೆ ಕಂಡಿಲ್ಲ.

ಸಾಮಾನ್ಯವಾಗಿ ಆಗಸ್ಟಿನಲ್ಲಿ, ನಮ್ಮ ಶ್ರಾವಣದ ಆಸುಪಾಸಿನಲ್ಲೇ, ಅವರು ‘ಏಕೆವ್’ ಎಂಬ ಭಾಗ ಓದುತ್ತಾರೆ. ಆಜ್ಞೆಗಳಿಗೆ ಕಿವಿಗೊಟ್ಟರೆ ಮುಂಗಾರು ಹಿಂಗಾರು ಸಕಾಲಕ್ಕೆ, ಮನಸ್ಸು ಅಡ್ಡದಾರಿ ಹಿಡಿದರೆ ಆಕಾಶಕ್ಕೆ ಬೀಗ ಎಂಬ ಮಾತು ಅದರಲ್ಲಿದೆ. ಭೀಷ್ಮನ ಮಾತೇ ಸರಿ. ಅವರ ಪಂಡಿತರು ಅದನ್ನು ತಲೆಯಾಡಿಸಿ ಒಪ್ಪಿಕೊಂಡು ಸುಮ್ಮನಾಗಲಿಲ್ಲ. ಕದ್ದ ಗೋಧಿ ಬಿತ್ತಿದರೂ ಮೊಳೆಯುತ್ತದಲ್ಲ, ನ್ಯಾಯವಾಗಿ ಅದು ಮೊಳೆಯಬಾರದಿತ್ತು, ಆದರೂ ಜಗತ್ತು ತನ್ನ ರೂಢಿಯಂತೆ ನಡೆಯುತ್ತದೆ ಎಂದು ಅವರ ಧರ್ಮಚರ್ಚೆಗಳ ಗ್ರಂಥ ತಾಲ್ಮುದ್ ನೇರವಾಗಿ ಹೇಳಿತು. ಅದೇ ತಾಲ್ಮುದಿನಲ್ಲಿ ಇನ್ನೊಂದು ಕಥೆ. ಬರ ಬಿದ್ದ ಊರಿಗೆ ರಾವ್ ಎಂಬ ದೊಡ್ಡ ಗುರು ಬಂದು ಉಪವಾಸ ವಿಧಿಸಿದ, ಮಳೆ ಬರಲಿಲ್ಲ. ಪ್ರಾರ್ಥನೆ ನಡೆಸಲು ಎದ್ದ ಊರಿನವನೊಬ್ಬ ಬಾಯಿ ತೆರೆದದ್ದೇ ಗಾಳಿ ಬೀಸಿತು, ಮಳೆ ಸುರಿಯಿತು. ನೀನು ಮಾಡಿದ ಪುಣ್ಯವೇನು ಎಂದು ಕೇಳಿದರೆ, ತಾನು ಮಕ್ಕಳಿಗೆ ಓದು ಕಲಿಸುವವನು, ಬಡವರ ಮಕ್ಕಳಿಗೂ ಸಿರಿವಂತರ ಮಕ್ಕಳಿಗೂ ಒಂದೇ ಪಾಠ, ಕೊಡಲಾಗದವರಿಂದ ಏನೂ ತೆಗೆದುಕೊಳ್ಳುವುದಿಲ್ಲ, ಓದಲು ಒಲ್ಲದ ಮಗುವಿಗೆ ತನ್ನ ಕೊಳದ ಮೀನು ಕೊಟ್ಟು ಒಲಿಸುತ್ತೇನೆ ಎಂದನಂತೆ. ಗುರುವಿಗೆ ಬಾರದ ಮಳೆ ಊರಿನ ಮೇಷ್ಟ್ರಿಗೆ ಬಂತು!

ಇಂಥ ವ್ಯಾಖ್ಯಾನಕ್ಕೆ ವಿರಾಟಪರ್ವದಲ್ಲೇ ಎಷ್ಟು ಅವಕಾಶವಿದೆ. ಭೀಷ್ಮ ಹೊಗಳುವ ಆ ನಾಡಿನಲ್ಲೇ, ಅವನು ಆ ಮಾತು ಆಡುವುದಕ್ಕೆ ಕೆಲವೇ ದಿನ ಮೊದಲು, ದುಡಿದು ತಿನ್ನುವ ಹೆಣ್ಣಾಳೊಬ್ಬಳನ್ನು ರಾಣಿಯ ತಮ್ಮ ಕೀಚಕ ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ರಾಜ ಬಾಯಿಬಿಡುವುದಿಲ್ಲ. ಕಂಕನ ವೇಷದಲ್ಲಿ ಅಲ್ಲೇ ಕೂತ ಧರ್ಮರಾಯನೇ ಅವಳಿಗೆ ಸೈರಣೆ ಹೇಳಿ ಕಳಿಸುತ್ತಾನೆ. ನ್ಯಾಯ ಕೇಳಲು ಆ ಹೆಣ್ಣಾಳು, ಸೈರಂಧ್ರಿಯ ವೇಷದ ದ್ರೌಪದಿ, ಕೊನೆಗೆ ಹೋದದ್ದು ನಡುರಾತ್ರಿ ಅಡುಗೆಮನೆಗೆ, ಭೀಮನ ಬಳಿಗೆ. ಹಾಗಾದರೆ ಆ ನಾಡಿಗೆ ಮಳೆ ಬಂದದ್ದು ಯಾರ ಪುಣ್ಯಕ್ಕೆ? ಸಭೆಯ ಮೌನವನ್ನು ಕಂಡೂ ಮೋಡ ಯಾಕೆ ಹಿಂದೆ ಸರಿಯಲಿಲ್ಲ? ಮಳೆಗಾಗಿ ಈ ಪರ್ವ ಓದಿಸುವ ಊರಿನಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿವು. ನಮ್ಮ ಅರ್ಥಧಾರಿಗಳಲ್ಲಿ ಬಹುಪಾಲು ಕೀಚಕ ಕಾಮಾಂಧ, ಭೀಮ ಬಲಶಾಲಿ ಎನ್ನುವಲ್ಲಿಗೆ ಮುಗಿಸಿ, ಉತ್ತರಕುಮಾರನ ಬಡಾಯಿಗೆ ಓಡುತ್ತಾರೆ. ಜನ ನಗುತ್ತಾರೆ, ಮಂಗಳಾರತಿ ಆಗುತ್ತದೆ. ಶನಿಮಹಾತ್ಮೆಯಲ್ಲೂ ಅಷ್ಟೇ. ವಿಕ್ರಮನ ಮೇಲೆ ಶನಿ ಮುನಿದದ್ದು ಎಲ್ಲರಿಗೂ ನೆನಪಿರುತ್ತದೆ. ಸರಿಯಾಗಿ ವಿಚಾರಿಸದೆ ಕೈಕಾಲು ಕಡಿಸಿದ ಅರಸನನ್ನು, ಆ ವಿಕ್ರಮನಿಗೆ ನೆಲೆ ಕೊಟ್ಟ ಗಾಣಿಗನನ್ನು ಕುರಿತು ಒಂದು ಗಳಿಗೆ ನಿಂತು ಮಾತಾಡುವವರು ವಿರಳ.

ಕಾರಣ ನಮ್ಮ ಆಯ್ಕೆಯ ಕ್ರಮದಲ್ಲೂ ಇದೆ. ಸಂಜೆಯೊಂದಕ್ಕೆ ಒಂದು ಪ್ರಸಂಗ, ಅದೂ ರಾಗಕ್ಕೆ ಒದಗುವಂಥದ್ದು. ಯಹೂದಿಗಳಿಗೆ ಆ ಸಲೀಸಿಲ್ಲ. ಚರ್ಮರೋಗದ ನಿಯಮಗಳ ವಾರ ಬಂದರೆ ಅದನ್ನೇ ಓದಿ ಅದರಲ್ಲೇ ಅರ್ಥ ಹುಡುಕಬೇಕು. ಅವರೂ ಮುಜುಗರಕ್ಕೆ ಅಂಜಿದ್ದುಂಟು: ರೂಬೇನನ ಅಪಚಾರದ ಪ್ರಸಂಗವನ್ನು ಓದಬೇಕು, ಆದರೆ ಜನರ ಮಾತಿಗೆ ತಿರುಗಿಸಬಾರದು ಎಂದು ಅವರ ಹಳೆಯ ಕಟ್ಟಳೆಗಳ ಗ್ರಂಥ ಮಿಶ್ನಾ ಕಟ್ಟು ಹಾಕಿತು. ಆದರೂ ಓದನ್ನು ಬಿಡಲಿಲ್ಲ. ನಾವು ಖಾಂಡವವನ ಸುಟ್ಟದ್ದನ್ನು, ಏಕಲವ್ಯನ ಹೆಬ್ಬೆರಳನ್ನು ಹಾರಿಸಿದರೂ ಕೇಳುವವರಿಲ್ಲ. ಕುಮಾರವ್ಯಾಸ ಬರೆದದ್ದು ಗದಾಪರ್ವದವರೆಗಿನ ಹತ್ತು ಪರ್ವ. ಅವನ ಭಾರತ ಧರ್ಮರಾಯನ ಪಟ್ಟಾಭಿಷೇಕಕ್ಕೆ ನಿಲ್ಲುತ್ತದೆ. ಗೆದ್ದವನ ಸಂಕಟವನ್ನು, ಯಾದವರ ನಾಶವನ್ನು ಹೇಳುವ ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಕನ್ನಡಕ್ಕೆ ತಂದ. ಕಾವ್ಯವಾಗಿ ಅವನು ಕುಮಾರವ್ಯಾಸನ ಎತ್ತರಕ್ಕೆ ಏರುವುದಿಲ್ಲ, ನಿಜ. ಆದರೆ ಅವನನ್ನು ಓದಿಸದ ಊರು ಭಾರತವನ್ನು ಗೆಲುವಿನ ಕಥೆಯಾಗಿಯೇ ಕೇಳಿ ಎದ್ದುಹೋಗುತ್ತದೆ.

ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಗೆ ದೇಶದ ಮನ್ನಣೆ ಸಿಕ್ಕಿತು. ಕಂಠಕ್ಕೆ ನಮ್ಮಲ್ಲಿ ಶಿಕ್ಷಣವಿದೆ, ಪರೀಕ್ಷೆಯಿದೆ, ಸ್ಪರ್ಧೆಯಿದೆ. ಅರ್ಥ ಹೇಳುವವರ ಶಿಕ್ಷಣಕ್ಕೂ ಅಷ್ಟೇ ಕಾಳಜಿ ಬೇಕು. ಕೇಳುಗರು ನಡುವೆ ತಡೆದು ಪ್ರಶ್ನೆ ಹಾಕುವುದಕ್ಕೂ ಕಾರ್ಯಕ್ರಮದಲ್ಲಿ ಹೊತ್ತು ಇಡಬೇಕು. ಇಂದು ಪದ್ಯ ಹಾಡುವವರಲ್ಲಿ ಹೆಣ್ಣುಮಕ್ಕಳು ಬಹಳ ಮಂದಿ. ಮುಂದಿನ ಸಲ ಮಳೆಗೆಂದು ವಿರಾಟಪರ್ವ ಓದಿಸುವ ಊರು, ಸೈರಂಧ್ರಿಯ ಪ್ರಸಂಗದ ರಾತ್ರಿ ಅರ್ಥ ಹೇಳುವ ಜಾಗದಲ್ಲೂ ಒಬ್ಬ ಹೆಣ್ಣುಮಗಳನ್ನೇ ಕೂರಿಸಲಿ, ಊರಿನ ಯಜಮಾನರು ಎದುರಿಗೆ ಕೂತು ಕೇಳಲಿ.