ಒತ್ತಡಕ್ಕೆ ಉತ್ತರ ಕೊಡಬೇಕಾದವರು ಯಾರು?

ಬೆಂಗಳೂರಿನ ಐಟಿ ವಲಯದಲ್ಲಿ ಒತ್ತಡಕ್ಕೆ ಈಗ ಸಿದ್ಧ ಮದ್ದೊಂದಿದೆ: ಧ್ಯಾನದ ಆ್ಯಪ್‌ಗೆ ಉಚಿತ ಚಂದಾ, ಆಗಾಗ ವೆಲ್‌ನೆಸ್ ಕೋಚ್ ಜೊತೆ ಮಾತುಕತೆ. ನೌಕರ ತನ್ನ ಮನಸ್ಸನ್ನು ಪಳಗಿಸಿಕೊಂಡರೆ ಒತ್ತಡ ತಾನಾಗಿ ತಗ್ಗುತ್ತದೆಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ತಪ್ಪು, ಅಪಾಯಕಾರಿಯೂ ಹೌದು.

ಆ್ಯಪ್‌ಗಳಿಂದ ಏನೂ ಉಪಯೋಗವಿಲ್ಲವೆಂದು ನಾನು ಹೇಳುತ್ತಿಲ್ಲ. ನಿಧಾನವಾಗಿ ಉಸಿರು ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಸಂದರ್ಶನದ ಹಿಂದಿನ ರಾತ್ರಿ ಅಷ್ಟು ಆಸರೆ ಸಾಕು. ಆದರೆ ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕ್ಲೈಂಟ್ ಕಾಲ್ ಮುಗಿಸಿ, ಬೆಳಿಗ್ಗೆ ಎಂಟಕ್ಕೆ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕೂತವರಿಗೆ ಬೇಕಾಗಿರುವುದು ನಿದ್ದೆ. ಪರದೆಯ ಮೇಲೆ ನೀಲಿ ವೃತ್ತ ಹಿಗ್ಗಿ ಕುಗ್ಗುತ್ತ 'ಉಸಿರೆಳೆದುಕೊಳ್ಳಿ' ಎನ್ನುತ್ತಿರುವಾಗಲೇ ಅದರ ನೆತ್ತಿಗೆ ಮ್ಯಾನೇಜರ್ ಮೆಸೇಜ್ ಬಂದು ಕೂರುತ್ತದೆ: 'ಇವತ್ತೇ ಕಳಿಸಿಬಿಡಿ.' ಆ ಗಡುವನ್ನು ಮುಂದೂಡುವ ಅಧಿಕಾರ ಆ್ಯಪ್‌ಗೂ ಇಲ್ಲ, ಕೋಚ್‌ಗೂ ಇಲ್ಲ.

ಆಕ್ಸ್‌ಫರ್ಡ್‌ನ ಸಂಶೋಧಕ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಸಮೀಕ್ಷೆಯನ್ನು ಪರಿಶೀಲಿಸಿದರು. 2024ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಆ್ಯಪ್, ಕೋಚಿಂಗ್, ಒತ್ತಡ ನಿರ್ವಹಣೆಯ ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ನೆಮ್ಮದಿಯಿಂದೇನೂ ಇರಲಿಲ್ಲ. ಒಂದೇ ಅಧ್ಯಯನ ಕೊನೆಯ ಮಾತಾಗದು, ನಿಜ. ಆದರೆ ಕೆಲಸದ ಅವಧಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲೇ ಎಚ್ಚರಿಸಿವೆ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಅಧಿಕ.

ಆ್ಯಪ್ ಕೊಟ್ಟ ಮೇಲೂ ಸುಸ್ತಾಗಿರುವ ನೌಕರ, ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾನೆ. ಇಬ್ಬರ ಕೆಲಸವನ್ನು ಒಬ್ಬರ ಹೆಗಲಿಗೆ ಹೊರಿಸಿದವರನ್ನು ಯಾರೂ ಕೇಳುವುದಿಲ್ಲ. ಈ ವ್ಯವಸ್ಥೆಯ ದೊಡ್ಡ ಅನ್ಯಾಯ ಇದು. 2024ರಲ್ಲಿ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾಪ ಕರ್ನಾಟಕದಲ್ಲಿ ಕೇಳಿಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಒತ್ತಡದ ಬೇರಿಗೆ ಕೈಹಾಕುವುದು ಅಂಥ ಒಗ್ಗಟ್ಟು.

ಆತಂಕ, ಖಿನ್ನತೆ ಕಾಯಿಲೆಯ ಹಂತ ಮುಟ್ಟಿದ್ದರೆ ವೈದ್ಯರನ್ನೇ ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಉಳಿದ ದಿನನಿತ್ಯದ ಒತ್ತಡಕ್ಕೆ ಕಂಪನಿಗಳೇ ಲೆಕ್ಕ ಕೊಡಲಿ: ಎಷ್ಟು ಜನ ವೇಳೆ ಮೀರಿ ದುಡಿದರು, ಎಷ್ಟು ರಜೆ ನಿರಾಕರಿಸಲಾಯಿತು, ಖಾಲಿ ಹುದ್ದೆಗಳನ್ನು ಯಾವಾಗ ತುಂಬುತ್ತೀರಿ? ಆ್ಯಪ್ ಹಂಚುವ ಮೊದಲು ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಬರಬೇಕು.