ಕೋಟಿಯ ಕುರ್ಚಿ, ಪುಸ್ತಕದ ಮೇಜು

2012ರಲ್ಲಿ ಸುವರ್ಣ ವಾಹಿನಿಯ 'ಕನ್ನಡದ ಕೋಟ್ಯಧಿಪತಿ'ಯನ್ನು ನಾವು ಝಳಕಿಯ ಚಹಾದಂಗಡಿಯಲ್ಲಿ ನೋಡಿದ್ದೆವು. "ಎಷ್ಟ್ ದೊಡ್ಡ ಅರಮನಿರೀ!" ಎಂದರು ಪಕ್ಕದಲ್ಲಿದ್ದ ಹಿರಿಯರೊಬ್ಬರು.

ಜಾತ್ರೆಗೆ ಬರುವ ನಾಟಕ ಕಂಪನಿಯ ದರ್ಬಾರಿನ ಪರದೆಯ ಹಿಂದೆ ಬೊಂಬು, ತಗಡು ಇರುತ್ತವಲ್ಲ, ಇಂಥ ಸೆಟ್ಟುಗಳ ಹಿಂದೆಯೂ ಇರುವುದು ಪ್ಲೈವುಡ್ಡು, ಕಬ್ಬಿಣದ ಚೌಕಟ್ಟು. ಕ್ರೇನಿನ ಮೇಲೆ ತೇಲುವ ಕ್ಯಾಮೆರಾ ಮತ್ತು ಅಂಚುಗಳನ್ನು ನುಂಗುವ ಕತ್ತಲೆ ಸೇರಿ ಸ್ಟುಡಿಯೋವನ್ನು ಹಿಗ್ಗಿಸುತ್ತವೆ. 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಾದರಿಯಿದು. 2000ದಲ್ಲಿ ಅಮಿತಾಭ್ ಬಚ್ಚನ್ ಅವರೊಡನೆ ಹಿಂದಿಗೆ ಬಂತು. ದುಂಡಗಿನ ಅಖಾಡ, ಸುತ್ತಲೂ ಜನ, ನಡುವೆ ಎತ್ತರದ ಎರಡು ಕುರ್ಚಿ. ಪ್ರಶ್ನೆಯ ಬೆಲೆ ಏರಿದಂತೆ ಬೆಳಕು ಮೇಲಿನಿಂದ ಇಳಿದು ಕುಳಿತವರನ್ನು ಮುತ್ತುತ್ತದೆ.

ಹಳೆಯ ಮುಶಾಯಿರಾಗಳಲ್ಲಿ ಶಮಾ, ಅಂದರೆ ದೀಪ, ಸರದಿ ಬಂದ ಕವಿಯ ಮುಂದೆ ಬರುತ್ತಿತ್ತು. ಅದು ಮರ್ಯಾದೆಯ ಬೆಳಕು. ಇಲ್ಲಿಯದು ಠಾಣೆಯ ಬೆಳಕಿನಂತೆ ನಮಗೆ ಕಂಡಿತು. ಪುನೀತ್ ರಾಜ್‌ಕುಮಾರ್ ತಮ್ಮ ನಗುವಿನಿಂದ ಎದುರಿನವರ ದಿಗಿಲನ್ನು ಎಷ್ಟೋ ಇಳಿಸುತ್ತಿದ್ದರು, ನಿಜ. ಆದರೆ ಆ ಸೆಟ್ಟನ್ನು ಕಟ್ಟಿರುವುದೇ ದಿಗಿಲು ಹುಟ್ಟಿಸಲಿಕ್ಕೆ.

ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ'ಯ ಸೆಟ್ಟು ಪುಟ್ಟದು. ಮೂವರು ಸ್ಪರ್ಧಿಗಳು, ಡಾ. ನಾ. ಸೋಮೇಶ್ವರ, ಬಹುಮಾನಕ್ಕೆ ಪುಸ್ತಕಗಳು. ಬಡ ಸೆಟ್ಟು ಎನ್ನಿ ಬೇಕಾದರೆ. ನಮ್ಮ ಕಣ್ಣು ಗೋಡೆಯ ಕಡೆ ಹೋಗದೆ ಉತ್ತರದ ಮೇಲೇ ನಿಲ್ಲುತ್ತದೆ.

ಅಂಗಡಿಯಲ್ಲಿ ಆ ರಾತ್ರಿ ಹುಡುಗನೊಬ್ಬ ಸ್ಪರ್ಧಿಗಿಂತ ಮೊದಲೇ ಸರಿಯುತ್ತರ ಹೇಳಿಬಿಟ್ಟ. "ನೀನೂ ಹೋಗಬಾರದೇನಪಾ?" ಎಂದೆವು.

"ಅಲ್ಲಿ ಕುಂತ್ರ ಅಂಜಿಕಿ ಬರ್ತದ್ರೀ" ಎಂದ.