ಆರೋಗ್ಯ ವಿಮೆಯ ಫಲವಿಚಾರ: ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಬಡವನ ಪರವಾಗಿ ಸರ್ಕಾರವು ವಿಮೆಯ ಕಂತನ್ನು ಕಟ್ಟಿದರೆ ಆ ಬಡವನ ಆರೋಗ್ಯವು ಸುಧಾರಿಸುವುದೇ ಎಂಬ ಪ್ರಶ್ನೆಯು ಕಳೆದ ಎರಡು ದಶಕಗಳಿಂದ ನಮ್ಮಲ್ಲಿ ಚರ್ಚೆಗೆ ವಿಷಯವಾಗಿದೆ. ಸುಧಾರಿಸುವುದೆಂದು ಹೇಳುವವರು ಶಸ್ತ್ರಚಿಕಿತ್ಸೆಯಿಂದ ಬದುಕಿದವರ ಲೆಕ್ಕವನ್ನು ಮುಂದಿಡುತ್ತಾರೆ. ಸುಧಾರಿಸದೆನ್ನುವವರು ಖಾಸಗಿ ಆಸ್ಪತ್ರೆಗಳಿಗೆ ಹರಿದ ಸಾರ್ವಜನಿಕ ಧನದ ಲೆಕ್ಕವನ್ನು ಮುಂದಿಡುತ್ತಾರೆ. ಎರಡು ಲೆಕ್ಕಗಳೂ ನಿಜವೇ. ಆದರೆ ಒಂದು ಇನ್ನೊಂದಕ್ಕೆ ಉತ್ತರವಾಗಲಾರದು. ವಾದವು ಹೀಗೆ ಕವಲೊಡೆದಿರುವಾಗ, ಇಡೀ ದೇಶದ ಮೇಲೆ ಕಣ್ಣಾಡಿಸುವುದಕ್ಕಿಂತ ಸಣ್ಣದೊಂದು ಪ್ರದೇಶವನ್ನು ಹಿಡಿದು ವಿಚಾರಿಸುವುದು ಲೇಸು. ಕಪಿಲೆಯ ದಡದ ನಂಜನಗೂಡು, ಅದೇ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಈ ಎರಡು ತಾಲ್ಲೂಕುಗಳು ಅಂಥ ವಿಚಾರಣೆಗೆ ತಕ್ಕವು. ಒಂದರಲ್ಲಿ ಕಾರ್ಖಾನೆಗಳಿವೆ, ಇನ್ನೊಂದು ಬಹುಮಟ್ಟಿಗೆ ನಾಲೆಯ ನೀರಿನ ಗದ್ದೆಬಯಲು. ಸಾಲದುದಕ್ಕೆ, ವಿಮೆಯ ಪ್ರಯೋಗಗಳಲ್ಲಿ ಬಹು ಮುಂಚಿನದೊಂದು ನರಸೀಪುರದಲ್ಲಿಯೇ ನಡೆಯಿತೆಂಬುದನ್ನು ಇಂದು ಹಲವರು ಮರೆತಿದ್ದಾರೆ.

೨೦೦೨ರಲ್ಲಿ, ಡಾ. ಹೆಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿದ್ದುಕೊಂಡು ಕಟ್ಟಿದ ಕರುಣಾ ಟ್ರಸ್ಟ್ ಸಂಸ್ಥೆಯು, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದಲೂ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಸಹಕಾರದಿಂದಲೂ, ನರಸೀಪುರ ತಾಲ್ಲೂಕಿನಲ್ಲಿ ಒಂದು ಸಮುದಾಯ ವಿಮೆಯನ್ನು ಆರಂಭಿಸಿತು. ತಲೆಗೆ ವರ್ಷಕ್ಕೆ ೨೨ ರೂಪಾಯಿ ಕಂತು. ಪರಿಶಿಷ್ಟ ಜಾತಿ, ಪಂಗಡಗಳ ಬಡವರ ಕಂತನ್ನು ಯೋಜನೆಯೇ ಭರಿಸಿತು. ರೋಗಿಯು ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿದರೆ ದಿನವೊಂದಕ್ಕೆ ಔಷಧಕ್ಕೆಂದು ೫೦ ರೂಪಾಯಿ, ಕಳೆದುಕೊಂಡ ಕೂಲಿಗೆಂದು ೫೦ ರೂಪಾಯಿ. ಹೆಚ್ಚೆಂದರೆ ೨೫ ದಿನ, ಅಂದರೆ ೨೫೦೦ ರೂಪಾಯಿ. ಇಷ್ಟೇ ಆ ಯೋಜನೆಯ ದೇಹ. ಲಕ್ಷಗಳ ಭಾಷೆಯಲ್ಲಿ ಮಾತನಾಡುವ ಇಂದಿನ ಯೋಜನೆಗಳ ಪಕ್ಕದಲ್ಲಿ ಇದು ಬಡಕಲಾಗಿ ಕಾಣುವುದು ಸಹಜ. ಆದರೂ ಎರಡು ಕಾರಣಗಳಿಂದ ಇದನ್ನು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಮೊದಲನೆಯದು, ಹಣದ ದಿಕ್ಕು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯು ಹೆಸರಿಗೆ ಉಚಿತ. ಆದರೆ ಔಷಧವಿಲ್ಲವೆಂದು ಚೀಟಿ ಬರೆದು ಹೊರಗಿನ ಅಂಗಡಿಗೆ ಕಳುಹಿಸುವ ಪದ್ಧತಿಯನ್ನು ಕಾಣದವರಿಲ್ಲ. ನರಸೀಪುರದ ಯೋಜನೆಯು ಆ ಚೀಟಿಯ ಬೆಲೆಯನ್ನು ತೆರಲು ಹೊರಟಿತು. ಹಾಗೆ ಮಾಡುವಲ್ಲಿ ಅದು ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟುಹೋಗಲಿಲ್ಲ, ಅದರ ಕೊರತೆಯನ್ನು ತುಂಬಲು ನೋಡಿತು. ಎರಡನೆಯದು ಇದಕ್ಕಿಂತ ಮುಖ್ಯವಾದುದು. ಕೂಲಿಯವನಿಗೆ ರೋಗದ ಬೆಲೆಯೆಂದರೆ ವೈದ್ಯನಿಗೂ ಅಂಗಡಿಗೂ ಕೊಟ್ಟ ಹಣ ಮಾತ್ರವಲ್ಲ, ದುಡಿಯದೆ ಹೋದ ದಿನವೂ ಹೌದು ಎಂಬುದನ್ನು ಆ ೫೦ ರೂಪಾಯಿ ಒಪ್ಪಿಕೊಂಡಿತು. ನಾಟಿಯ ಹಂಗಾಮಿನಲ್ಲಿ ಹೆಂಗಸೊಬ್ಬಳು ಜ್ವರವನ್ನು ಮುಚ್ಚಿಟ್ಟುಕೊಂಡು ಗದ್ದೆಗಿಳಿಯುವುದು ಆಸ್ಪತ್ರೆಯ ಶುಲ್ಕದ ಭಯದಿಂದಲ್ಲ. ಆ ವಾರದ ಕೂಲಿ ಮತ್ತೆ ಬರಲಾರದೆಂಬ ಭಯದಿಂದ.

ಅದೇ ೨೦೦೨ರ ನವೆಂಬರಿನಲ್ಲಿ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ಯಶಸ್ವಿನಿ ಯೋಜನೆಯನ್ನು ಉದ್ಘಾಟಿಸಿದರು. ೨೦೦೩ರ ಜೂನ್ ತಿಂಗಳಿನಿಂದ ಅದು ಜಾರಿಗೆ ಬಂದಿತು. ಹೃದಯವೈದ್ಯ ಡಾ. ದೇವಿ ಶೆಟ್ಟಿಯವರ ಕಲ್ಪನೆ, ಸಹಕಾರ ಸಂಘಗಳ ಸದಸ್ಯತ್ವದ ಆಧಾರ, ತಿಂಗಳಿಗೆ ೫ ರೂಪಾಯಿಯಂತೆ ವರ್ಷಕ್ಕೆ ೬೦ ರೂಪಾಯಿ ಕಂತು, ಅದರ ಮೇಲೆ ಸರ್ಕಾರದ ಪೂರಕ ಧನ. ಸಹಾಯವು ಶಸ್ತ್ರಚಿಕಿತ್ಸೆಗೆ, ಸ್ಥಳ, ಒಪ್ಪಂದ ಮಾಡಿಕೊಂಡ ಆಸ್ಪತ್ರೆ, ಬಹುಪಾಲು ಖಾಸಗಿ. ಮೊದಲ ವರ್ಷವೇ ಸುಮಾರು ೧೬ ಲಕ್ಷ ಜನ ಸೇರಿದರು. ೨೦೦೫-೦೬ರಲ್ಲಿ ಕಂತು ೧೨೦ ರೂಪಾಯಿಗೆ ಏರಿದಾಗ ೨೦ ಲಕ್ಷವನ್ನು ಮುಟ್ಟಿದ್ದ ಸದಸ್ಯಸಂಖ್ಯೆಯು ೧೫ ಲಕ್ಷದೊಳಕ್ಕೆ ಇಳಿಯಿತು. ಅರುವತ್ತು ರೂಪಾಯಿ ಹೆಚ್ಚಾದುದಕ್ಕೆ ಐದು ಲಕ್ಷ ಜನ ಹಿಂದೆಗೆದರೆಂಬುದು ಯೋಚಿಸಬೇಕಾದ ಮಾತು.

ಇಲ್ಲಿ ಒಂದು ಉಪಪ್ರಸ್ತಾಪಕ್ಕೆ ವಾಚಕರು ಅವಕಾಶ ಕೊಡಬೇಕು. ನಂಜನಗೂಡಿನ ಶ್ರೀಕಂಠೇಶ್ವರನಿಗೆ ಹಕೀಂ ನಂಜುಂಡನೆಂಬ ಹೆಸರುಂಟು. ಟಿಪ್ಪೂ ಸುಲ್ತಾನನ ಆನೆಯ ಕಣ್ಣು ಇಲ್ಲಿ ವಾಸಿಯಾದುದರಿಂದ ಆ ಹೆಸರು ಬಂದಿತೆಂದು ಐತಿಹ್ಯ. ಇಂದಿಗೂ ರೋಗ ಬಂದಾಗ ನಂಜುಂಡನಿಗೆ ಹರಕೆ ಹೊರುವವರು ಅಸಂಖ್ಯ. ಹರಕೆಯಲ್ಲಿ ಸಲ್ಲಿಕೆಯು ವಾಸಿಯಾದ ಮೇಲೆ. ವಿಮೆಯಲ್ಲಾದರೋ ರೋಗವಿಲ್ಲದಾಗಲೇ ಹಣ ಕಟ್ಟಬೇಕು. ರೋಗ ಬಾರದಿದ್ದರೆ ಹಣ ಹೋದಂತೆಯೇ. ಹರಕೆಯ ನ್ಯಾಯಕ್ಕೆ ಒಗ್ಗಿದ ಮನಸ್ಸು ‘ಕಟ್ಟಿದ ಹಣ ಎಲ್ಲಿ ಹೋಯಿತು’ ಎಂದು ಕೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ನಮ್ಮ ಹಳ್ಳಿಗಳಿಗೆ ವಿಮೆಯ ತತ್ತ್ವವು ತೀರ ಅಪರಿಚಿತವೂ ಅಲ್ಲ. ಮದುವೆಗೆ ಮುಯ್ಯಿ ಹಾಕುವವನು ಇಂದು ಕೊಟ್ಟುದು ಇನ್ನೊಂದು ದಿನ ತನ್ನ ಮನೆಗೆ ಬರುವುದೆಂದು ಬಲ್ಲ. ಆದರೆ ಮುಯ್ಯಿಯ ಲೆಕ್ಕವನ್ನು ಊರೇ ಇಡುತ್ತದೆ. ವಿಮೆಯ ಲೆಕ್ಕವು ಬೆಂಗಳೂರಿನಲ್ಲಿಯೋ ದಿಲ್ಲಿಯಲ್ಲಿಯೋ ಇರುವುದು.

ಪ್ರಕೃತಕ್ಕೆ ಬರೋಣ. ೨೦೦೮ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯನ್ನು ಆರಂಭಿಸಿತು. ಐವರ ಕುಟುಂಬಕ್ಕೆ ವರ್ಷಕ್ಕೆ ೩೦,೦೦೦ ರೂಪಾಯಿವರೆಗೆ ಆಸ್ಪತ್ರೆಯ ವೆಚ್ಚ, ಕುಟುಂಬವು ಕೊಡಬೇಕಾದುದು ನೋಂದಣಿಯ ೩೦ ರೂಪಾಯಿ, ಕೈಗೊಂದು ಸ್ಮಾರ್ಟ್ ಕಾರ್ಡು. ಕರ್ನಾಟಕದಲ್ಲಿ ಇದರ ಆರಂಭವನ್ನು ಪರೀಕ್ಷಿಸಿದ ಡಿ. ರಾಜಶೇಖರ್ ಮತ್ತು ಸಂಗಡಿಗರ ೨೦೧೧ರ ಲೇಖನವು, ಆರು ತಿಂಗಳಲ್ಲಿ ಅರ್ಹ ಕುಟುಂಬಗಳ ಪೈಕಿ ನೂರಕ್ಕೆ ೮೫ಕ್ಕೆ ಯೋಜನೆಯ ಅರಿವಿತ್ತು, ೬೮ ನೋಂದಾಯಿಸಿಕೊಂಡಿದ್ದವು, ಆದರೆ ಬಳಕೆ ಸೊನ್ನೆಗೆ ಸಮೀಪವಾಗಿತ್ತು ಎಂದು ತಿಳಿಸಿತು. ಕಾರ್ಡು ಹಂಚುವುದೇ ಸಾಧನೆಯೆಂದು ಎಣಿಸುವ ಆಡಳಿತಕ್ಕೆ ಇದಕ್ಕಿಂತ ತೀಕ್ಷ್ಣವಾದ ಟೀಕೆ ಬೇಕಿಲ್ಲ.

ಇದೇ ಯೋಜನೆಯ ಮೇಲೆ ಮೈಸೂರು ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಇನ್ನೂ ದೊಡ್ಡದೊಂದು ಪ್ರಯೋಗವು ನಡೆಯಿತು. ಅನುಪ್ ಮಲಾನಿ ಮತ್ತು ಸಂಗಡಿಗರು ೨೦೨೧ರ ಡಿಸೆಂಬರಿನಲ್ಲಿ ಅದರ ಫಲಿತಗಳನ್ನು ಪ್ರಕಟಿಸಿದರು. ಬಡತನದ ರೇಖೆಗಿಂತ ಮೇಲಿನ, ಆದುದರಿಂದ ಯೋಜನೆಗೆ ಅರ್ಹವಲ್ಲದ, ಹತ್ತು ಸಾವಿರಕ್ಕೂ ಮಿಕ್ಕ ಕುಟುಂಬಗಳನ್ನು ಚೀಟಿಯೆತ್ತಿದಂತೆ ನಾಲ್ಕು ಗುಂಪಾಗಿ ವಿಂಗಡಿಸಿ, ಕೆಲವರಿಗೆ ವಿಮೆಯನ್ನು ಉಚಿತವಾಗಿ, ಕೆಲವರಿಗೆ ಬೆಲೆಗೆ, ಕೆಲವರಿಗೆ ಬೆಲೆಯೊಡನೆ ನಗದು ಹಣವನ್ನೂ ಸೇರಿಸಿ ನೀಡಿ, ಉಳಿದವರಿಗೆ ಏನನ್ನೂ ನೀಡದೆ ಹೋಲಿಸಿ ನೋಡಲಾಯಿತು. ಉಚಿತವೆಂದಾಗ ನೂರಕ್ಕೆ ಸುಮಾರು ೭೯ ಕುಟುಂಬಗಳೂ, ಬೆಲೆ ಕೇಳಿದಾಗ ಸುಮಾರು ೬೦ ಕುಟುಂಬಗಳೂ ವಿಮೆಯನ್ನು ಸ್ವೀಕರಿಸಿದುವು. ಬಳಕೆಯು ಹೆಚ್ಚಿತು; ನೆರೆಯವರಿಗೂ ವಿಮೆಯಿದ್ದ ಕಡೆ ಇನ್ನಷ್ಟು ಹೆಚ್ಚಿತು. ಆದರೆ ಬಳಸಹೊರಟ ಅನೇಕರಿಗೆ ಅದು ಸಾಧ್ಯವಾಗಲಿಲ್ಲ. ಆರೋಗ್ಯದ ಅಳತೆಗಳಲ್ಲಂತೂ ಗಣನೀಯವೆನ್ನಬಹುದಾದ ಪರಿಣಾಮವು ಕಾಣಲಿಲ್ಲ.

ವಿಮೆಯ ವಿರೋಧಿಗಳಿಗೆ ಇದು ಬ್ರಹ್ಮಾಸ್ತ್ರವಾಗಿ ತೋರಿತು. ಆದರೆ ಪೂರ್ವಪಕ್ಷವನ್ನೂ ಪೂರ್ತಿಯಾಗಿ ಕೇಳಬೇಕು. ೨೦೧೦ರಲ್ಲಿ ಉತ್ತರ ಕರ್ನಾಟಕದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯನ್ನು ನೀರಜ್ ಸೂದ್ ಮತ್ತು ಸಂಗಡಿಗರು ಪರೀಕ್ಷಿಸಿ ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಬರೆದುದು ಇದಕ್ಕೆ ವಿರುದ್ಧವಾಗಿದೆ. ಯೋಜನೆಯ ಗಡಿಯ ಈಚೆ ಆಚೆಯ ೫೭೨ ಹಳ್ಳಿಗಳಲ್ಲಿ ಬಡ ಕುಟುಂಬಗಳನ್ನು ಹೋಲಿಸಿದಾಗ, ಯೋಜನೆಗೆ ಸೇರಿದ ಹೃದ್ರೋಗ, ಅರ್ಬುದ ಮೊದಲಾದ ವ್ಯಾಧಿಗಳ ಮರಣವು ಯೋಜನೆಯಿದ್ದ ಕಡೆ ನೂರಕ್ಕೆ ೦.೩೨, ಇಲ್ಲದ ಕಡೆ ೦.೯೦, ಎಂದರೆ ೬೪ ಪಾಲು ಕಡಮೆ. ಆಸ್ಪತ್ರೆಗೆ ಕೈಯಿಂದ ತೆತ್ತ ಹಣವೂ ಮೂರರಲ್ಲೊಂದು ಪಾಲು ಇಳಿದಿತ್ತು.

ಒಂದೇ ರಾಜ್ಯ, ಎರಡು ವಿಮೆ, ಎರಡು ವಿರುದ್ಧ ತೀರ್ಪು. ಇವುಗಳಲ್ಲಿ ಒಂದು ತಪ್ಪಾಗಿರಲೇಬೇಕೆಂಬ ಅವಸರಕ್ಕೆ ಕಾರಣವಿಲ್ಲ. ಎರಡೂ ವಿಮೆಯೆಂಬ ಒಂದೇ ಹೆಸರನ್ನು ಹೊತ್ತಿದ್ದರೂ ವಸ್ತುವು ಒಂದೇ ಅಲ್ಲ. ಸ್ವಾಸ್ಥ್ಯ ಬಿಮಾದಲ್ಲಿ ಕುಟುಂಬವು ನೋಂದಾಯಿಸಬೇಕು, ಕಾರ್ಡು ಪಡೆಯಬೇಕು, ಆಸ್ಪತ್ರೆಯಲ್ಲಿ ಯಂತ್ರವು ಅದನ್ನು ಓದಬೇಕು; ಹೆಜ್ಜೆ ಹೆಜ್ಜೆಗೂ ರೋಗಿಯೇ ಹೋಗಬೇಕು. ಆರೋಗ್ಯಶ್ರೀಯಲ್ಲಿ ಪಡಿತರ ಚೀಟಿಯೇ ಅರ್ಹತೆ. ಹಳ್ಳಿಗಳಲ್ಲಿ ತಪಾಸಣೆಯ ಶಿಬಿರಗಳು ನಡೆದುವು, ಆಸ್ಪತ್ರೆಯಲ್ಲಿ ದಾರಿ ತೋರಲು ಆರೋಗ್ಯ ಮಿತ್ರರಿದ್ದರು. ಯೋಜನೆಯೇ ರೋಗಿಯನ್ನು ಹುಡುಕಿಕೊಂಡು ಬಂದಿತು. ಮೇಲಾಗಿ ಒಂದು ಎಲ್ಲ ಬಗೆಯ ಒಳರೋಗಿಗಳಿಗೆ ಸಣ್ಣ ಮೊತ್ತವನ್ನು ಕೊಟ್ಟಿತು, ಇನ್ನೊಂದು ಕೆಲವೇ ಮಾರಕ ವ್ಯಾಧಿಗಳಿಗೆ ದೊಡ್ಡ ಮೊತ್ತವನ್ನು ಕೊಟ್ಟಿತು. ಮೊದಲನೆಯದರ ಪರೀಕ್ಷಾರ್ಥಿಗಳು ರೇಖೆಯ ಮೇಲಿನವರು. ಎರಡನೆಯದರಲ್ಲಿ ಫಲ ಕಂಡುದು ರೇಖೆಯ ಕೆಳಗಿನವರಲ್ಲಿ. ಇಷ್ಟಾದರೂ ಆ ೬೪ ಪಾಲಿನ ಇಳಿತವು ನಮಗೆ ಅತಿಯಾಗಿಯೇ ತೋರುತ್ತದೆ. ಕೆಲವೇ ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯೊಂದರಿಂದಲೇ ಅಷ್ಟು ಮರಣವು ತಪ್ಪಿತೆಂದು ನಂಬುವುದು ಕಷ್ಟ. ಶಿಬಿರಗಳ ಪಾಲನ್ನು ಬೇರೆಯಾಗಿ ಎಣಿಸಿದ್ದರೆ ವಾದವು ಸ್ಪಷ್ಟವಾಗುತ್ತಿತ್ತು. ಹೀಗಾಗಿ ವಿಮೆಯು ಫಲಿಸಿತೋ ಇಲ್ಲವೋ ಎಂಬುದಕ್ಕಿಂತ, ರೋಗಿಯು ವೈದ್ಯನನ್ನು ಸೇರುವ ದಾರಿಯನ್ನು ಯಾರು ಸವೆಸಿದರು ಎಂಬುದೇ ಇಲ್ಲಿ ನಿರ್ಣಾಯಕವೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮಾತು. ಆರೋಗ್ಯವು ಸುಧಾರಿಸಲಿಲ್ಲವೆಂದ ಮಾತ್ರಕ್ಕೆ ವಿಮೆಯು ವ್ಯರ್ಥವಾಯಿತೇ? ಅಮೆರಿಕದ ಓರೆಗನ್ ಸಂಸ್ಥಾನದಲ್ಲಿ ೨೦೦೮ರಲ್ಲಿ ಲಾಟರಿಯ ಮೂಲಕ ಸರ್ಕಾರಿ ವಿಮೆಯನ್ನು ಹಂಚಿದಾಗ, ರಕ್ತದೊತ್ತಡ ಮುಂತಾದ ಶಾರೀರಿಕ ಅಳತೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಆದರೆ ಸಾಲದ ಬಾಧೆ ಇಳಿಯಿತು, ಮನಸ್ಸಿನ ಕುಗ್ಗು ಇಳಿಯಿತು. ವಿಮೆಯು ಮೂಲತಃ ಹಣದ ಆಪತ್ತಿಗೆ ಕಟ್ಟಿದ ತಡೆ. ಅದನ್ನು ಔಷಧವೆಂದು ಮಾರಿದವರು ರಾಜಕಾರಣಿಗಳು; ಔಷಧವಾಗಲಿಲ್ಲವೆಂದು ಅದನ್ನು ನಿಂದಿಸುವವರು ಆ ಮಾರಾಟವನ್ನು ನಂಬಿದವರು.

ಅಷ್ಟಕ್ಕೂ ಬಹುಪಾಲು ರೋಗವು ಆಸ್ಪತ್ರೆಯ ಹಾಸಿಗೆಯವರೆಗೆ ಬರುವುದೇ ಇಲ್ಲ. ಸಕ್ಕರೆ ರೋಗದ ಮಾತ್ರೆ, ರಕ್ತದೊತ್ತಡದ ಮಾತ್ರೆ, ಮಗುವಿನ ಕೆಮ್ಮಿಗೆ ಔಷಧ, ಇವು ತಿಂಗಳು ತಿಂಗಳೂ ಕಿಸೆಯನ್ನು ಕೊರೆಯುತ್ತವೆ. ಒಳರೋಗಿಯ ವಿಮೆಯು ಇವನ್ನು ನೋಡುವುದಿಲ್ಲ. ೧೯೪೬ರ ಭೋರ್ ಸಮಿತಿಯು, ಹಣ ಕೊಡಲಾರನೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆಯು ತಪ್ಪಬಾರದೆಂದು ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೊರಟಿತು, ವಿಮೆಯಿಂದಲ್ಲ. ೨೦೨೦ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಕಾರ್ಮಿಕರಲ್ಲಿ ಕೋವಿಡ್ ಹರಡಿದಾಗ, ಸಂಪರ್ಕದಲ್ಲಿದ್ದವರನ್ನು ಹುಡುಕಿ, ಪರೀಕ್ಷಿಸಿ, ಬೇರೆಯಿರಿಸಿದುದು ಸರ್ಕಾರದ ಆರೋಗ್ಯ ಇಲಾಖೆ, ಆಶಾ ಕಾರ್ಯಕರ್ತೆಯರು. ಆ ಕೆಲಸಕ್ಕೆ ಯಾವ ವಿಮಾಪತ್ರದಲ್ಲಿಯೂ ಬೆಲೆ ಬರೆದಿರಲಿಲ್ಲ.

೨೦೧೮ರಲ್ಲಿ ಹಳೆಯ ಯೋಜನೆಗಳೆಲ್ಲ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವಿಲೀನವಾದುವು. ಬಡ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷದವರೆಗೆ. ಉಳಿದವರಿಗೆ ವೆಚ್ಚದ ನೂರಕ್ಕೆ ೩೦ ಪಾಲು, ಒಂದೂವರೆ ಲಕ್ಷದವರೆಗೆ. ತುರ್ತು ಸಂದರ್ಭವನ್ನುಳಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸಾಧ್ಯವಾಗದಿದ್ದರೆ ಪತ್ರ ಪಡೆದು ಖಾಸಗಿಗೆ ಹೋಗಬೇಕೆಂದು ನಿಯಮ ಮಾಡಿದರು. ತತ್ತ್ವದಲ್ಲಿ ಇದನ್ನು ನಾವು ಸಮರ್ಥಿಸುತ್ತೇವೆ. ನರಸೀಪುರದ ಹಳೆಯ ಯೋಜನೆಯ ಒಂದು ಗುಣವು ಇದರಲ್ಲಿ ಮರಳಿ ಬಂದಿದೆ. ಆದರೆ ಮತ್ತೊಂದು ಗುಣವು ಬರಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಒಂದು ದಿನ, ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಒಂದು ದಿನ, ಪತ್ರಕ್ಕೆ ಇನ್ನೊಂದು ದಿನ. ಪ್ರತಿಯೊಂದೂ ಒಂದೊಂದು ಕೂಲಿ. ಸ್ವಾಸ್ಥ್ಯ ಬಿಮಾದಲ್ಲಿ ಸಲಕ್ಕೆ ೧೦೦ ರೂಪಾಯಿಯಂತೆ ದಾರಿವೆಚ್ಚವಾದರೂ ಇದ್ದಿತು. ಮೊತ್ತವು ಮೂವತ್ತು ಸಾವಿರದಿಂದ ಐದು ಲಕ್ಷಕ್ಕೆ ಬೆಳೆಯಿತು, ಕೂಲಿಯ ಸಾಲು ಮಾತ್ರ ಲೆಕ್ಕದಿಂದ ಅಳಿಸಿಹೋಯಿತು. ೨೦೨೩ರ ಜನವರಿಯಿಂದ ಯಶಸ್ವಿನಿಯು ಬೇರೆಯಾಗಿ ಮತ್ತೆ ಬಂದಾಗಲೂ ಆ ಸಾಲನ್ನು ಯಾರೂ ನೆನೆಯಲಿಲ್ಲ.

ಕೂಲಿಯನ್ನು ತುಂಬಿಕೊಡುವುದು ಅಸಾಧ್ಯವೆಂಬ ಆಕ್ಷೇಪಣೆಯು ನಿಲ್ಲುವುದಿಲ್ಲ. ೧೯೪೮ರ ಕಾಯಿದೆಯಿಂದ ಆರಂಭವಾದ ಕಾರ್ಮಿಕರ ರಾಜ್ಯ ವಿಮೆಯ ಆಶ್ರಯದಲ್ಲಿರುವ ನಂಜನಗೂಡಿನ ಕಾರ್ಖಾನೆಯ ಕೆಲಸಗಾರನು ಕಾಯಿಲೆ ಬಿದ್ದರೆ ಸಂಬಳದ ನೂರಕ್ಕೆ ೭೦ ಪಾಲು, ವರ್ಷಕ್ಕೆ ೯೧ ದಿನಗಳವರೆಗೆ, ಹಕ್ಕಾಗಿ ದೊರೆಯುತ್ತದೆ. ಇಪ್ಪತ್ತು ಮೈಲಿಯಾಚೆ ನರಸೀಪುರದ ಗದ್ದೆಯಲ್ಲಿ ನಾಟಿ ಮಾಡುವವಳಿಗೆ ದೊರೆಯುವುದು ಏನೂ ಇಲ್ಲ. ೨೦೦೨ರಲ್ಲಿ ಅವಳಿಗೆ ದಿನಕ್ಕೆ ೫೦ ರೂಪಾಯಿಯಾದರೂ ಇತ್ತು. ಅದೂ ಅವಳೊಬ್ಬಳ ಕೂಲಿ. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕೆಲಸ ಬಿಟ್ಟು ಕುಳಿತ ಮಗಳ ಕೂಲಿಯನ್ನು ಆ ಯೋಜನೆಯೂ ಎಣಿಸಿರಲಿಲ್ಲ.